ಹೋಗದ ಪತ್ರ

"ದೀಪ ಮತ್ತೆ ಆರೋಯ್ತು" ಎಂದ ಬಸ್ ಚಾಲಕ, ಮೇಜಿನ ಕೆಳಗಿನಿಂದಲೇ.

"ಕೇಬಲ್ ಕಿತ್ತು ಇನ್ನೊಂದು ಸಲ ಹಾಕಿ ಸರ್" ಎಂದಳು ಫೋನಿನಲ್ಲಿ ಇಂಟರ್ನೆಟ್ ಸಹಾಯವಾಣಿಯ ಹುಡುಗಿ.

ಇದು ಐದನೇ ಸಲ. ಮಂಡಿ ಉರಿಯುತ್ತಿತ್ತು. ಸ್ಪೀಕರಿಗೆ ಹಾಕಿದ ಫೋನು ನೆಲದ ಮೇಲೆ ಬಿಸಿಯೇರಿತ್ತು. ಗೋಡೆಯಿಂದ ಬಂದ ಕೇಬಲ್ಲನ್ನು ಕಿತ್ತ, ತುದಿಯನ್ನು ಅಂಗಿಗೆ ಒರೆಸಿದ, ಟಕ್ಕೆಂದು ಕೂರಿಸಿದ. ಇಂಟರ್ನೆಟ್ ಪೆಟ್ಟಿಗೆಯ ಹಸಿರು ದೀಪ ಕಣ್ಣು ಬಿಟ್ಟಿತು. ಎದ್ದು ಕುರ್ಚಿ ಹಿಡಿಯುವಷ್ಟರಲ್ಲಿ ಆರಿತು.

ಕಂಪ್ಯೂಟರ್ ಮಗಳದು, ಮದುವೆಯಾಗಿ ಹೋಗುವಾಗ ಬಿಟ್ಟುಹೋಗಿದ್ದಳು. ಅವಳಿಗೆ ಬರೆದ ಪತ್ರ ಪರದೆಯ ಮೇಲೆ ಸಿದ್ಧವಾಗಿತ್ತು. ಕಳಿಸುವುದೊಂದೇ ಬಾಕಿ. ಮನೆ ಗುಡಿಸಿದ್ದ, ಪಾತ್ರೆ ಬೋರಲು ಹಾಕಿದ್ದ, ಬೆಕ್ಕನ್ನು ಪಕ್ಕದ ಮನೆಗೆ ಒಪ್ಪಿಸಿದ್ದ. ಮಧ್ಯಾಹ್ನವೇ ಹೊರಡಬೇಕೆಂದಿದ್ದವನು ಈ ಹಾಳು ಕೇಬಲ್ಲಿನ ಕಾಟಕ್ಕೆ ಸಿಕ್ಕಿಕೊಂಡಿದ್ದ.

ಊರು ಬಿಡುತ್ತಿದ್ದೀರಾ ಎಂದು ಹುಡುಗಿ ಮೊದಲೇ ಕೇಳಿದ್ದಳು. ಹೌದೆಂದಿದ್ದ. ಪತ್ರ ಹೋದಮೇಲೆ ಸಂಪರ್ಕ ತೆಗೆದುಬಿಡಿ, ಇನ್ನು ಬೇಕಾಗುವುದಿಲ್ಲ ಎಂದೂ ಹೇಳಿದ್ದ. ವಾಪಸ್ಸು ಯಾವಾಗ ಎಂದಾಗ ಮಾತನ್ನು ಕೇಬಲ್ಲಿಗೆ ತಿರುಗಿಸಿದ್ದ. ಒಂದು ನಿಮಿಷ ಎಂದು ಅವಳು ಎರಡು ಸಲ ಕಾಯಿಸಿದ್ದಳು. ಕೆಲಸ ಬಾರದು, ಯಾರನ್ನೋ ಕೇಳಿಕೊಂಡು ಬರುತ್ತಾಳೆ ಎಂದುಕೊಂಡಿದ್ದ.

ನಡುನಡುವೆ ಬೇಡದ ಪ್ರಶ್ನೆ ಬೇರೆ. ಎಷ್ಟು ವರ್ಷ ಬಸ್ ಓಡಿಸಿದಿರಿ? ಇಪ್ಪತ್ತಾರು. ಬಿಟ್ಟದ್ದೇಕೆ? ಬಸ್ಸು ಹಿಂದಕ್ಕೆ ತೆಗೆಯುವಾಗ ಒಂದು ಮಗು ಚಕ್ರದಡಿ ಸಿಕ್ಕಿತ್ತೆಂದು, ಏಕೋ ಏನೋ, ಅವಳಿಗೆ ಹೇಳಿಬಿಟ್ಟ. ಅವನ ತಪ್ಪಿಲ್ಲವೆಂದು ಕೋರ್ಟು ಬಿಟ್ಟಿತ್ತು. ಕಣ್ಣು ಮುಚ್ಚಿದರೆ ಕೇಳುವ ಆ ಸದ್ದು ಬಿಟ್ಟಿರಲಿಲ್ಲ.

"ಸಾಕಮ್ಮ. ನಿನ್ ಕೈಲಾಗಲ್ಲ ಅಂದ್ರೆ ಹೇಳ್ಬಿಡು. ಪತ್ರ ಹೋಗ್ದಿದ್ರೂ ನಾನು ಹೊರಡ್ತೀನಿ."

"ಬೇಡ ಸರ್. ಇನ್ನೊಂದೇ ಒಂದು ಸಲ."

ದನಿ ನಡುಗಿತು. ಮೇಲಿನವರು ಬೈದಿರಬೇಕು. ಪಾಪ ಎನಿಸಿ ಮತ್ತೆ ಬಗ್ಗಿದ.

ಬಾಗಿಲು ದಬದಬ ಬಡಿದ ಸದ್ದಾಯಿತು. ತೆಗೆದರೆ ಅವನ ಅಕ್ಕ. ಮೂರು ಬೀದಿ ಓಡಿಬಂದಿದ್ದಳು, ಕಾಲಲ್ಲಿ ಚಪ್ಪಲಿಯಿಲ್ಲ. ಅವನ ಎರಡೂ ಕೈ ಬಿಗಿಯಾಗಿ ಹಿಡಿದಳು.

"ಇಂಟರ್ನೆಟ್ ಆಫೀಸಿಂದ ಫೋನ್ ಬಂತು. ನಿನ್ ಅರ್ಜೀಲಿ ನನ್ ನಂಬರ್ ಇತ್ತಂತೆ. ನಿಮ್ ತಮ್ಮ ಸಾಯಕ್ಕೆ ಹೊರಟಿದ್ದಾರೆ, ಬೇಗ ಹೋಗಿ ಅಂದ್ರು. ನಿಜವೇನೋ?"

ಅವನು ಹೊಸ್ತಿಲ ಮೇಲೆ ಕೂತ. ಹೌದೆಂದು ತಲೆಯಾಡಿಸಿದ.

ಮೇಜಿನ ಕೆಳಗಿದ್ದ ಫೋನಿನಿಂದ ಹುಡುಗಿಯ ದನಿ ಬಂತು: "ಕ್ಷಮಿಸಿ ಸರ್. ನಿಮ್ಮ ಲೈನು ಮೊದಲ್ನೇ ಸಲಕ್ಕೇ ಸರಿಹೋಗಿತ್ತು. ಆಮೇಲೆ ಪ್ರತಿ ಸಲ ಇಲ್ಲಿಂದ ಆಫ್ ಮಾಡಿದ್ದು ನಾನೇ."