ಮಸಿ ಬಳಿದ ಗೋಡೆ

"ಅದನ್ನೂ ಕೀಳು," ಎಂದ ದುರುಗಪ್ಪ.

ಹೆಂಡತಿ ಆದಮ್ಮ ತಲೆಯೆತ್ತಿದಳು. ಹಳೆಯ ಸೀರೆಗಳನ್ನು ಜೋಡಿಸಿ ಹೊಲಿದು, ಜಂತಿಯ ಕೆಳಗೆ ಬಿಗಿದು ಕಟ್ಟಿದ ಮೇಲ್ಕಟ್ಟು. ಅದು ಬಂದ ಮೇಲೆ ಮಾಳಿಗೆಯ ಮಣ್ಣು ರೊಟ್ಟಿಯ ತಟ್ಟೆಗೆ ಉದುರಿರಲಿಲ್ಲ.

"ಇದೊಂದು ಇರ್ಲಿ."

"ಹುಚ್ಚೇನ ನಿನಗ? ಬುಡ್ಡೇಸಾಬಗ ಏನಾತು, ಮರ್ತಿಯೇನು?"

ಮರೆತಿರಲಿಲ್ಲ. ಕಳೆದ ಸಲ ಮನೆ ನೋಡಲು ಬಂದ ಕಚೇರಿಯ ಸಾಹೇಬರು ಪಕ್ಕದ ಮನೆಯ ಬುಡ್ಡೇಸಾಬನ ಹಸಿರು ಗೋಡೆ ಕಂಡು ನಕ್ಕಿದ್ದರು. "ಅರಮನಿಗೆ ಸ್ಲ್ಯಾಬ್ ಯಾಕಪಾ?" ಅಷ್ಟೇ. ಬಡವರ ಮನೆಗೆಂದು ಸರ್ಕಾರ ಹಾಕಿಸಿಕೊಡುವ ಸ್ಲ್ಯಾಬಿನ ಸೂರು ಅವನ ಮನೆ ದಾಟಿ ಹೋಯಿತು. ಬಣ್ಣ ಹೊಡೆದಿದ್ದ ಅವನ ಹೆಂಡತಿ ಹಸೀನಾಬೀ ಈಗಲೂ ಆ ಗೋಡೆಗೆ ಬೆನ್ನು ಮಾಡಿ ಕೂರುತ್ತಾಳೆ.

ಈಗ ಇವರ ಸರದಿ. ಕಿರಾಣಿ ಅಂಗಡಿಯ ಜಂಬಣ್ಣ ಬೆಳಿಗ್ಗೆ ಬೈಕಿನ ಮೇಲಿಂದಲೇ ಕೂಗಿ ಹೋಗಿದ್ದ: "ಲಿಂಗಸುಗೂರಿಂದ ಮನಿ ನೋಡಾಕ ಬರಾಕತ್ತಾರ! ಎಲ್ಲೂ ಹೋಗಬ್ಯಾಡ್ರಿ!" ಲಿಂಗಸುಗೂರಿನಿಂದ ಅಂದರೆ ಕಚೇರಿಯಿಂದ. ಗುರುಗುಂಟಾದ ಬಡವರಿಗೆ ಅಲ್ಲಿ ಇನ್ಯಾರಿದ್ದಾರೆ?

ಸ್ಲ್ಯಾಬು ಬಿದ್ದರೆ ಮಗ ಕನಕರಾಯನಿಗೆ ಒಂದು ನೆಲೆ. ಇಲ್ಲದಿದ್ದರೆ ಅವನೂ ಈ ಮಣ್ಣಿನಡಿಯಲ್ಲೇ ಮುದುಕನಾಗಬೇಕು.

ಮೇಲ್ಕಟ್ಟು ಕೆಳಗಿಳಿಯಿತು. ಗೊಬ್ಬರದ ಚೀಲ ಒಗೆದು, ಅಂಚಿಗೆ ಕೆಂಪು ಬಟ್ಟೆ ಹೊಲಿದು ಒಲೆಗೂ ಹಾಸಿಗೆಗೂ ನಡುವೆ ಇಳಿಬಿಟ್ಟ ಪರದೆ ಹಿತ್ತಲಿಗೆ ಹೋಯಿತು. ಕಲ್ಲಿನಂಗಡಿಯವರು ಚೆಲ್ಲಿದ ಶಹಾಬಾದಿ ಚೂರುಗಳನ್ನು ಆದಮ್ಮ ತಲೆಯ ಮೇಲೆ ಹೊತ್ತು ತಂದು ಕೂರಿಸಿದ್ದ ನೆಲದ ಮೇಲೆ ದುರುಗಪ್ಪ ಸಗಣಿ ಸುರಿದ. ನೀಲಿ ಬೆರೆಸಿ ಸುಣ್ಣ ಹೊಡೆದ ಗೋಡೆಗೆ ಅವಳೇ ಹಂಚಿನ ಮಸಿ ಬಳಿದಳು. ವರ್ಷವಿಡೀ ಕೂಡಿಸಿದ ಚಂದ ಮಧ್ಯಾಹ್ನದೊಳಗೆ ಸತ್ತಿತು.

ಜೀಪು ಬರಲಿಲ್ಲ. ಬಸ್ಸಿಳಿದು ಇಬ್ಬರು ನಡೆದು ಬಂದರು. ಇಸ್ತ್ರಿ ಅಂಗಿಯ ಹಿರಿಯ, ಜೊತೆಗೊಬ್ಬ ಹೆಂಗಸು. ದುರುಗಪ್ಪ "ಬರ್ರಿ ಸಾಹೇಬ್ರ" ಎಂದಾಗ ಹಿರಿಯ ಸಂಕೋಚದಿಂದ ನಕ್ಕ.

ಆದಮ್ಮ ನೀರು ತಂದಳು. "ಆಮ್ಯಾಲ ಕುಡಿದ್ರಾತು ಬಿಡವ್ವ," ಎಂದ ಹಿರಿಯ. ಬಡವರ ಮನೆಯ ನೀರು ಗಂಟಲಲ್ಲಿ ಇಳಿಯದೇನೋ ಎಂದುಕೊಂಡಳು.

ಹೆಂಗಸು ನೇರ ಒಲೆಯ ಹತ್ತಿರ ಹೋದಳು. ಗೋಡೆ ಮುಟ್ಟಿ ಬೆರಳು ನೋಡಿಕೊಂಡಳು.

"ನೀರು ದೂರ ಏನವ್ವ?"

"ಬಾಳ ದೂರ್ರಿ. ಹೊತ್ತು ಹೊತ್ತು ನಡಾ ಬಿದ್ದೈತಿ."

"ಮಳಿ ಬಂದ್ರ?"

"ಬೋಗುಣಿ ಇಟ್ಕೊಂಡು ಕುಂದ್ರತೀವಿ. ಮೊನ್ನೆ ಹಾಸಿಗ್ಯಾಗ ಚೇಳು ಬಿದ್ದಿತ್ರಿ."

ಹಿರಿಯ ಕೆಮ್ಮಿದ. "ಮಗ ಸಿಂಧನೂರಾಗ ಮಿಲ್ಲಿನ ಕೆಲಸಕ್ಕ ಹೋಗ್ತಾನ ಅಂದ್ರಲ್ಲ?"

ದುರುಗಪ್ಪ ಹೆಂಡತಿಯತ್ತ ನೋಡಿದ. ಯಾರೋ ಚಾಡಿ ಹೇಳಿದ್ದಾರೆ. ತಿಂಗಳ ಪಗಾರದ ಸುದ್ದಿ ಗೊತ್ತಾದರೆ ಮುಗಿಯಿತು.

"ಅದು ಹೋತ್ರಿ. ಅವಗ ಎದಿ ಬ್ಯಾನಿ. ದುಡಿದದ್ದೆಲ್ಲಾ ಔಷಧಕ್ಕ."

ಆದಮ್ಮ ಬೆಚ್ಚಿದಳು. ಭತ್ತದ ಚೀಲವನ್ನು ಒಬ್ಬನೇ ಹೆಗಲಿಗೇರಿಸುವ ಮಗ! ಆದರೆ ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಮಾತು ನಾಟಿದೆ. ಬಿಡಬಾರದು.

"ಈ ಮನಿಗೆ ಬಂದಾಗಿಂದ ನಾ ಒಂದಿನ ಸುಖಾ ಕಂಡಿಲ್ರಿ ಯಕ್ಕಾ," ಎಂದು ಆದಮ್ಮ ಅತ್ತಳು. ಆ ಕಣ್ಣೀರು ಮಾತ್ರ ನಿಜದ್ದೇ. ಮಸಿ ಗೋಡೆ ನೋಡಿ ಬಂದದ್ದು.

ಇಬ್ಬರೂ ಮುಖ ಮುಖ ನೋಡಿಕೊಂಡರು. ಹಿರಿಯ ಹೊರಗೆ ಹೋಗಿ ಚಪ್ಪಲಿ ಮೆಟ್ಟಿದ.

ದುರುಗಪ್ಪ ಓಡಿಬಂದು ಕೈ ಜೋಡಿಸಿದ. "ಎಲ್ಲಾ ನಿಮ್ಮ ಕಣ್ಣಾರೆ ನೋಡೀರಿ. ಇಲ್ಲ ಅನ್ನಬ್ಯಾಡ್ರಿ. ಕೊಡ್ತೀರಲ್ಲ?"

"ಹೆಂಗ ಕೊಡ್ಲಿ ಯಜಮಾನ್ರ?" ಎಂದ ಹಿರಿಯ. "ನನಗ ಇರಾಕಿ ಒಬ್ಬಾಕೀನ ಮಗಳು."