ಬೇಸ್ತವಾರದ ಹವಾ

"ಒಂದ್ ರಾತ್ರಿ ಹವಾ ಹಿಡೀಲಾರದ್ದಕ್ಕ ಟ್ಯೂಬ್ ಅಂತಾರೇನ್ರಿ ಸಾವಕಾರ್ರ? ಉಳ್ಳಾಗಡ್ಡಿ ಸಿಪ್ಪಿಗೆ ವಾಲ್ ಹಚ್ಚಿ ಮಾರ್ಯಾರ ನಿಮಗ," ಎಂದ ಕಾಮಣ್ಣ. ಅಕ್ಕಲಕೋಟೆಯ ಎಸ್‌ಟಿ ಬಸ್ ಸ್ಟ್ಯಾಂಡಿನ ಎದುರಿಗೇ ಅವನ ಸೈಕಲ್ ಅಂಗಡಿ. ನಾಲ್ಕು ವರ್ಷದಿಂದ ಪ್ರತಿ ಬೇಸ್ತವಾರ ಇದೇ ಮಾತು. ಬದಲಾಗುತ್ತಿದ್ದುದು ಸಿಪ್ಪೆ ಮಾತ್ರ. ಹೋದ ವಾರ ಅದು ಬಳ್ಳೊಳ್ಳಿಯದಾಗಿತ್ತು.

ಶಂಕರೆಪ್ಪ ಬೆವರು ಒರೆಸಿಕೊಳ್ಳುತ್ತ ನಕ್ಕ. ಸೋಲಾಪುರದಲ್ಲಿ ಅವನದು ಚಾದರಿನ ವ್ಯಾಪಾರ, ವಯಸ್ಸು ಐವತ್ತೊಂದು. ಅಕ್ಕಲಕೋಟೆಗೆ ಕೊಟ್ಟ ಮಗಳು ರತ್ನಾಬಾಯಿಯನ್ನು ನೋಡಲು ವಾರಕ್ಕೊಮ್ಮೆ ಬಾಗಿದ ಹ್ಯಾಂಡಲ್ಲಿನ ರೇಸ್ ಸೈಕಲ್ ತುಳಿದು ಬರುವುದೇ ಅವನ ಹಬ್ಬ. ನಾಲ್ಕು ವರ್ಷದ ಹಿಂದೆ, ಎಪ್ಪತ್ತೆರಡನೇ ಇಸವಿಯಲ್ಲಿ, ಮುಂಬಯಿಯಿಂದ ಹಗುರ ಟ್ಯೂಬು ತರಿಸಿ ಹಾಕಿಸಿದ್ದ. ಮಡಚಿದರೆ ಅಂಗಿಯ ಕಿಸೆಯಲ್ಲಿ ಕೂಡುವಂಥವು. ಆ ದಿನದಿಂದ ಸೈಕಲ್ಲಿಗೆ ರೆಕ್ಕೆ ಬಂದಂತಾಗಿತ್ತು. ನಾಲ್ಕು ವರ್ಷದಲ್ಲಿ ಎರಡೇ ಪಂಚರ್, ಅವೂ ಜಾಲಿಮುಳ್ಳಿನವು.

ಕೊರತೆ ಒಂದೇ. ಬುಧವಾರ ಸಂಜೆ ಬಿಗಿಯಾಗಿದ್ದ ಎರಡೂ ಗಾಲಿ ಬೇಸ್ತವಾರ ನಸುಕಿನಲ್ಲಿ ನೋಡಿದರೆ ಸೊರಗಿ ಕೂತಿರುತ್ತಿದ್ದವು. ತೆಳು ರಬ್ಬರು ರಾತ್ರಿಯೆಲ್ಲ ಉಸಿರು ಬಿಡುತ್ತದೆ, ಅದು ಅದರ ಗುಣ ಎಂದು ಶಂಕರೆಪ್ಪ ಕೇಳಿದವರಿಗೂ ಕೇಳದವರಿಗೂ ತಿಳಿಸಿ ಹೇಳುತ್ತಿದ್ದ. ಮುಂಬಯಿಯ ಅಂಗಡಿಯವರಿಗೂ ತನ್ನ ಅನುಭವವೆಂದು ಒಂದು ಕಾರ್ಡು ಬರೆದು ಹಾಕಿದ್ದ. ಆದರೆ ಪಂಪು ಹೊಡೆಯುವುದರಲ್ಲೇ ಅರ್ಧ ತಾಸು ಹೋಗುತ್ತಿತ್ತು. ಮೊದಲ ಎಸ್‌ಟಿಗಿಂತ ಮುಂಚೆ ಅಕ್ಕಲಕೋಟೆ ಮುಟ್ಟಬೇಕೆನ್ನುವ ಅವನ ಆಸೆ ಅಲ್ಲೇ ಸೋರಿಹೋಗುತ್ತಿತ್ತು. ನಡುದಾರಿಯ ವಳಸಂಗ ದಾಟುವುದರೊಳಗೆ ಬಸ್ಸು ಹಿಂದಿನಿಂದ ಬಂದು, ಡ್ರೈವರು ಬೇಕಂತಲೇ ಉದ್ದಕ್ಕೆ ಹಾರ್ನ್ ಬಾರಿಸಿ ಮುಂದೆ ಹೋಗುವನು. ಆ ಬಸ್ಸು ಸ್ಟ್ಯಾಂಡಿಗೆ ಬಂತೆಂದರೆ ಕಾಮಣ್ಣ ಸಿಪ್ಪೆ ಆರಿಸಲು ಕೂಡುವನು.

ಈ ಸಲ ಮಾತ್ರ ಶಂಕರೆಪ್ಪ ಸೋತ. ವಯಸ್ಸು ನಿಲ್ಲುವುದಿಲ್ಲ, ಒಂದು ಸಲವಾದರೂ ಬಸ್ಸಿನ ಮುಂದೆ ಹೋಗಬೇಕು. ಮೊಮ್ಮಗ ಹೇಗೂ ಬಿಡುವುದಿಲ್ಲ, ಇವತ್ತು ರಾತ್ರಿ ಇಲ್ಲೇ ಇರುತ್ತೇನೆ, ಮುಂಜಾನೆ ದಪ್ಪ ಟ್ಯೂಬು ಹಾಕಿಕೊಡು ಎಂದು ಹೇಳಿ, ಸೀಟನ್ನು ಒಮ್ಮೆ ಸವರಿ, ಸೈಕಲ್ಲನ್ನು ಅಂಗಡಿಯಲ್ಲೇ ಬಿಟ್ಟು ಹೋದ. ನಾಲ್ಕು ವರ್ಷ ಬೈದ ಕಾಮಣ್ಣನಿಗೂ ಯಾಕೋ ಗೆದ್ದಂತೆ ಅನಿಸಲಿಲ್ಲ.

ಮರುದಿನ ಬಂದು ನೋಡಿದರೆ ದಪ್ಪ ಟ್ಯೂಬಿನ ಪೊಟ್ಟಣ ಇನ್ನೂ ಒಡೆದಿರಲಿಲ್ಲ. ಕಾಮಣ್ಣ ಸೈಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಗಾಲಿಯನ್ನು ಹೆಬ್ಬೆರಳಿನಿಂದ ಒತ್ತುತ್ತಿದ್ದ. "ನಿನ್ನಿ ಹ್ಯಾಂಗಿತ್ತೋ ಹಾಂಗ ಅದ ನೋಡ್ರಿ, ಕಲ್ಲಿನಾಂಗ. ನಾ ಪಂಪ್ ಮುಟ್ಟಿಲ್ಲ, ದೇವರಾಣಿ." ಆಮೇಲೆ ತಲೆ ಎತ್ತಿ, ಮೆಲ್ಲಗೆ ಅಂದ, "ಸಾವಕಾರ್ರ, ನಿಮ್ಮ ಟ್ಯೂಬಿಂದೇನೂ ತಪ್ಪಿಲ್ಲ. ನಿಮ್ಮ ಮನ್ಯಾಗ ಯಾರೋ ವಾಲ್ ತಿರುವಿ ಹವಾ ಬಿಡತಾರ."

ಸೋಲಾಪುರದ ದಾರಿಯುದ್ದಕ್ಕೂ ಶಂಕರೆಪ್ಪ ಅದನ್ನೇ ಯೋಚಿಸಿದ. ಮನೆಯಲ್ಲಿ ಇರುವವರು ಇಬ್ಬರು. ಒಬ್ಬ ತಾನು.

ಉಮಾಬಾಯಿ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ಗಂಡ ಕೇಳಿದ್ದಕ್ಕೆ ಕೈ ನಿಲ್ಲಿಸಲಿಲ್ಲ. "ಹೂಂ, ನಾನ. ಬುಧವಾರ ದೀಪಾ ಹಚ್ಚಿದ ಮ್ಯಾಲ."

"ಯಾಕ?"

"ಈ ಟ್ಯೂಬ್ ಹಾಕ್ಸಿದ ಮದಲನೇ ಬೇಸ್ತವಾರ ನೆಪ್ಪದ ಏನು? ನಳಕ್ಕ ನೀರು ಬರೋದ ಐದಕ್ಕ. ನೀವು ಐದಕ್ಕ ಗಾಲಿ ಮ್ಯಾಲ. ಶೇಂಗಾ ಹೋಳಿಗಿ ಮಾಡತೀನಿ, ನಿಲ್ರಿ ಅಂದ್ರ, ಇದು ಹಾರೋ ಸೈಕಲ್, ನಿಲ್ಲಂಗಿಲ್ಲ ಅಂದ್ರಿ. ನಿಮ್ಮ ಬರಿಗೈ ನೋಡಿ ರತ್ನಾ, ಅವ್ವಗ ಆರಾಮಿಲ್ಲೇನು ಅಂತ ಕಾರ್ಡ್ ಬರದ್ಲು. ಆವಾಗಿಂದ ನಿಮ್ಮ ಹವಾ ನನ್ನ ಕೈಯಾಗ."

ಅವನಿಗೆ ಎಲ್ಲವೂ ಒಮ್ಮೆಲೇ ಹೊಳೆಯಿತು. ಎರಡನೇ ಗಾಲಿ ಬಿಗಿಯಾಗುವ ಹೊತ್ತಿಗೆ ಸರಿಯಾಗಿ ಬಿಸಿ ಹೋಳಿಗೆಯ ಡಬ್ಬಿ ಹೊರಗೆ ಬರುತ್ತಿತ್ತು. ನಾಲ್ಕು ವರ್ಷ, ಒಂದು ವಾರವೂ ಹಿಂದುಮುಂದಾಗಿರಲಿಲ್ಲ.

"ಬಾಯಿಬಿಟ್ಟು ಹೇಳಿದ್ರ ನಾ ನಿಲ್ತಿದ್ದಿಲ್ಲೇನು?"

"ನಿಲ್ತಿದ್ರಿ. ಒಂದ್ ವಾರ."

ಶಂಕರೆಪ್ಪನಿಗೆ ಎಷ್ಟು ನಗು ಬಂತೆಂದರೆ ಕಂಬ ಹಿಡಿದುಕೊಂಡೇ ನಗಬೇಕಾಯಿತು. ಉಮಾಬಾಯಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

"ಇನ್ನ ನಾ ವಾಲ್ ಮುಟ್ಟಂಗಿಲ್ಲ. ಹೋಗ್ರಿ, ಬಸ್ಸಿನ ಮುಂದ ಹೋಗ್ರಿ," ಅಂದಳು. "ಮದಲ ಮುಂಬಯಿಯವ್ರಿಗೆ ಇನ್ನೊಂದ್ ಕಾರ್ಡ್ ಬರೀರಿ. ಪಾಪ, ಅವ್ರ ಟ್ಯೂಬಿನ ಹೆಸರು ಕೆಡಿಸೀರಿ."

ಮುಂದಿನ ಬೇಸ್ತವಾರ ಐದಕ್ಕೆ ಶಂಕರೆಪ್ಪ ಸೈಕಲ್ ಅಂಗಳಕ್ಕಿಳಿಸಿ ಎರಡೂ ಗಾಲಿ ಒತ್ತಿ ನೋಡಿದ. ಕಲ್ಲಿನಂತಿದ್ದವು. ಬಸ್ಸು ಬಿಡಲು ಇನ್ನೂ ಒಂದು ತಾಸಿತ್ತು. ತಂಪು ಗಾಳಿ ಬೆನ್ನಿಗೆ ಬೀಸುತ್ತಿತ್ತು. ಒಂದು ಕಾಲು ಪೆಡಲಿನ ಮೇಲಿಟ್ಟ. ಒಳಗೆ ಹಂಡೆಗೆ ನೀರು ಸುರಿದ ಸದ್ದು, ಆಮೇಲೆ ಲಟ್ಟಣಿಗೆಯ ಸದ್ದು ಕೇಳಿತು. ಹೋಳಿಗೆ ಈಗಷ್ಟೇ ಶುರುವಾಗಿತ್ತು.

ಅವನು ಕಾಲು ಇಳಿಸಿದ. ಸೈಕಲ್ಲನ್ನು ಗೋಡೆಗೆ ಆನಿಸಿ, ಬಗ್ಗಿ, ಮುಂದಿನ ಗಾಲಿಯ ವಾಲನ್ನು ಸಡಿಲಿಸಿದ. ಸುಂಯ್ ಎಂದಿತು. ಹಿಂದಿನದನ್ನೂ ಸಡಿಲಿಸಿ, ಪಂಪು ಕೈಗೆತ್ತಿಕೊಂಡ.

ಒಳಗೆ ಲಟ್ಟಣಿಗೆಯ ಸದ್ದು ಒಂದು ಗಳಿಗೆ ನಿಂತು, ಮತ್ತೆ ಶುರುವಾಯಿತು.