ಗುಬ್ಬಿಯ ಜಾಗ

ಕೊನೆಯ ಕೊಕ್ಕೆ ಬಿಚ್ಚಿದಾಗ ಬಿಗಿ ಬನಿಯನ್ನು ಎರಡು ಹೋಳಾಗಿ ತೆರೆದುಕೊಂಡಿತು. ಆಪರೇಷನ್ ಆದಂದಿನಿಂದ ಹಗಲೂ ರಾತ್ರಿ ಅವನ ಎದೆಯನ್ನು ಅಮುಕಿ ಹಿಡಿದಿದ್ದ ಬನಿಯನ್ನು ಅದು. ಇನ್ನು ಹಾಕಿಕೊಳ್ಳುವುದು ಬೇಡ, ಮಗುವನ್ನೂ ಎತ್ತಿಕೊಳ್ಳಬಹುದು ಎಂದು ಡಾಕ್ಟರು ಬೆಳಿಗ್ಗೆ ಹೇಳಿ ಕಳಿಸಿದ್ದರು. ಅವನು ಗೋಡೆಯ ಕನ್ನಡಿಯ ಮುಂದೆ ಹೋಗಿ ನಿಂತ. ನೇರವಾಗಿ ನೋಡಿಕೊಂಡ, ಓರೆಯಾಗಿ ನೋಡಿಕೊಂಡ, ಮತ್ತೆ ನೇರವಾಗಿ ನೋಡಿಕೊಂಡ.

“ಸಾಕು ಬಿಡೋ, ಕನ್ನಡಿ ಸವೆದು ಹೋದೀತು,” ಎಂದಳು ತಾಯಿ.

“ಸಪಾಟಾಗಿದೆ ಅಲ್ವಾಮ್ಮಾ?”

“ಲಟ್ಟಣಿಗೆ ಎಳೆದ ಹಾಗಿದೆ. ಇಲ್ಲಿ ಬಾ, ಮುಲಾಮು ಹಚ್ತೀನಿ.” ಅವಳು ಗಾಯದ ಗೆರೆಯ ಮೇಲೆ ಬೆರಳಾಡಿಸುತ್ತ ಕೇಳಿದಳು, “ನೋಯುತ್ತೇನೋ?”

“ನೀನು ಮುಟ್ಟಿದ್ದೇ ಗೊತ್ತಾಗಲ್ಲ. ಮರಗಟ್ಟಿದ ಹಾಗಿದೆ. ನಿಧಾನಕ್ಕೆ ಸರಿಹೋಗುತ್ತೆ ಅಂದಿದ್ದಾರೆ. ಯಾವಾಗ ಅಂತ ಮಾತ್ರ ಹೇಳಲಿಲ್ಲ.”

ಅವನು ಬೇಕರಿಯೊಂದರಲ್ಲಿ ಭಟ್ಟಿಯ ಮುಂದೆ ನಿಲ್ಲುವ ಕೆಲಸದವನು. ಆ ಕಾವಿಗೆ ಎಲ್ಲರೂ ಬರೀ ಬನಿಯನ್ನಿನಲ್ಲಿ ನಿಂತರೆ ಇವನೊಬ್ಬ ಕತ್ತಿನವರೆಗೂ ಗುಂಡಿ ಹಾಕಿಕೊಂಡು ಬೇಯುತ್ತಿದ್ದ. ಮೀಸೆ ಮೂಡುವ ಕಾಲಕ್ಕೇ ಅವನ ಎದೆ ಹೆಂಗಸರ ಎದೆಯ ಹಾಗೆ ಉಬ್ಬಿಕೊಂಡಿತ್ತು. ಅದನ್ನು ಅಡಗಿಸಲು ಅಂಗಿಯೊಳಗೆ ಒಂದರ ಮೇಲೊಂದು ಬಿಗಿಯಾದ ಬನಿಯನ್ನು ತೊಡುತ್ತಿದ್ದ. ಆದರೂ ಹಿಟ್ಟು ನಾದುವ ದಪ್ಪಮೀಸೆಯವನು, “ಏನಪ್ಪಾ, ಇವತ್ತು ಈಸ್ಟ್ ಜಾಸ್ತಿ ಬಿತ್ತಾ?” ಎಂದು ಕೇಳದೆ ಕೆಲಸ ಶುರುಮಾಡುತ್ತಿರಲಿಲ್ಲ. ಎಲ್ಲರೂ ನಗುವರು. ಇವನೂ ನಗುವನು. ನಗದಿದ್ದರೆ ಹತ್ತಿರ ಬಂದು ಹಿಂಡುತ್ತಿದ್ದರಲ್ಲ, ಅದಕ್ಕೆ. ಕಟ್ಟಿಕೊಂಡ ಹೆಂಡತಿಯ ಎದುರೂ ದೀಪ ಆರಿಸದೆ ಅಂಗಿ ಬಿಚ್ಚಿದವನಲ್ಲ.

ಆ ಎದೆ ಬೇಕಾಗಿದ್ದುದು ಒಬ್ಬಳಿಗೇ, ಮಗಳು ಗುಬ್ಬಿಗೆ. ಅವಳಿನ್ನೂ ಅಂಬೆಗಾಲಿಡುತ್ತಿದ್ದಾಗಲೇ ಹೆತ್ತವಳು ಜ್ವರದಲ್ಲಿ ತೀರಿಹೋದಳು. ಮನೆಗೆ ಬಂದವರೆಲ್ಲ ಎತ್ತಿಕೊಂಡು ನೋಡಿದರು, ಯಾರ ತೋಳಲ್ಲೂ ಮಗು ನಿಲ್ಲಲಿಲ್ಲ. ಸೋತು ಮಲಗಿದ್ದ ಅಪ್ಪನ ಮೇಲೆ ತಾನೇ ಹತ್ತಿ, ಎಡಗಡೆ ಮೆತ್ತಗಿದ್ದಲ್ಲಿ ಕೆನ್ನೆ ಒತ್ತಿ, ಬೆರಳು ಚೀಪುತ್ತ ಮಲಗಿಬಿಟ್ಟಿತು. ಅಂದಿನಿಂದ ಅದೇ ಅವಳ ಹಾಸಿಗೆ. ಮಧ್ಯಾಹ್ನ ಅವನು ಕೆಲಸದಿಂದ ಬಂದರೆ ಕೈ ತೊಳೆಯುವುದಕ್ಕೂ ಬಿಡುತ್ತಿರಲಿಲ್ಲ. ಜೊಲ್ಲು ಇಳಿದು ಅಂಗಿ ಬೆಚ್ಚಗೆ ಒದ್ದೆಯಾಯಿತೆಂದರೆ ನಿದ್ದೆ ಹತ್ತಿತೆಂದು ಅವನಿಗೆ ಗೊತ್ತಾಗುತ್ತಿತ್ತು.

ಆಪರೇಷನ್ ಆದ ಮೇಲೆ ಅಜ್ಜಿ ಅವಳನ್ನು ತನ್ನ ಪಕ್ಕ ಮಲಗಿಸಿಕೊಂಡಿದ್ದಳು. ಅಪ್ಪನಿಗೆ ಗಾಯ, ಮುಟ್ಟಬಾರದು ಎಂದಿದ್ದಕ್ಕೆ ಮಗು ಹೊಸಿಲು ದಾಟದೆ ಅಲ್ಲಿಂದಲೇ ಅವನನ್ನು ವಿಚಾರಿಸಿಕೊಂಡು ಹೋಗುತ್ತಿತ್ತು. ಈಗಲೂ ಬಾಗಿಲಲ್ಲಿ ಬಂದು ನಿಂತಿತು.

“ಗಾಯ ಹೋಯ್ತಾ?”

“ಹೋಯ್ತು ಕಣೇ ಗುಬ್ಬಿ. ಬಾ!” ಎಂದು ಅವನು ಅಂಗಿ ತೊಟ್ಟು ಚಾಪೆಯ ಮೇಲೆ ಅಂಗಾತ ಮಲಗಿದ. ಗುಂಡಿ ಹಾಕಲಿಲ್ಲ.

ಗುಬ್ಬಿ ಓಡಿಬಂದು ಹತ್ತಿದಳು. ಕೆನ್ನೆ ಇಟ್ಟಳು, ತಲೆ ಎತ್ತಿದಳು. ಬಲಗಡೆ ಇಟ್ಟು ನೋಡಿದಳು. ದಿಂಬು ತಟ್ಟಿದ ಹಾಗೆ ಅಂಗೈಯಿಂದ ತಟ್ಟಿದಳು.

“ಅಪ್ಪಾ, ಮೂಳೆ ಒತ್ತುತ್ತೆ.”

“ಚೂರು ಈ ಕಡೆ ಬಾ, ಚಿನ್ನ.”

“ಈ ಕಡೇನೂ ಇಲ್ಲ.”

“ಏನಿಲ್ಲ?”

“ನನ್ನ ಜಾಗ. ಎಲ್ಲಿಟ್ಟೆ?”

“ಬಾರೇ ನನ್ನ ಹತ್ರ, ಕಾಗಕ್ಕನ ಕಥೆ ಹೇಳ್ತೀನಿ,” ಎಂದು ಅಜ್ಜಿ ಕೈಚಾಚಿದಳು. ಮಗು ಅಳಲಿಲ್ಲ. ಅತ್ತಿದ್ದರಾದರೂ ಆಗುತ್ತಿತ್ತು. ಸುಮ್ಮನೆ ಕೆಳಗಿಳಿದು, ಗೋಡೆಗೆ ಮುಖ ಮಾಡಿ, ಬೆರಳು ಬಾಯಿಗಿಟ್ಟುಕೊಂಡು ಕೂತಿತು. ನಿದ್ದೆಯಿಂದ ತೂಗಿದ ತಲೆ ಗೋಡೆಗೆ ತಗುಲಿ ಮತ್ತೆ ಎಚ್ಚರವಾಗುತ್ತಿತ್ತು.

ಅವನು ಎದ್ದ. ಬೀದಿ ಬಾಗಿಲಿಗೆ ಚಿಲಕ ಹಾಕಿದ. ಒಳಗೆ ಹೋಗಿ, ಇನ್ನು ನೆಲ ಒರೆಸುವುದಕ್ಕಾಯಿತು ಎಂದು ಅಮ್ಮ ಮೂಲೆಗೆ ಹಾಕಿದ್ದ ಹಳೆಯ ಬಿಗಿ ಬನಿಯನ್ನುಗಳನ್ನು ತಂದ. ಒಗೆದು ಒಗೆದು ಅವು ಬೆಣ್ಣೆಯಷ್ಟು ಮೆತ್ತಗಾಗಿದ್ದವು. ಸುರುಳಿ ಸುತ್ತಿ ಅಂಗಿಯೊಳಗೆ ಎಡಗಡೆ ತುರುಕಿಕೊಂಡ. ಸಾಲದೆನಿಸಿ ಇನ್ನೊಂದನ್ನು ತುರುಕಿದ. ಆಮೇಲೆ ಕತ್ತಿನವರೆಗೂ ಗುಂಡಿ ಹಾಕಿದ.

“ಏನೋ ಇದು? ಮತ್ತೆ—” ಎಂದಳು ತಾಯಿ.

“ಬಾ ಗುಬ್ಬಿ, ಸಿಕ್ಕಿತು ನಿನ್ನ ಜಾಗ.”

ಮಗು ಬಂದು ಒಂದು ಸಲ ತಟ್ಟಿ ನೋಡಿತು. ಕೆನ್ನೆ ಒತ್ತಿ, ಉಸಿರು ಬಿಟ್ಟು, ಮಲಗಿತು.

ಅವನು ಮಿಸುಕಾಡದೆ ಕಾದ. ಸೂರಿನ ಮೇಲೆ ಕಣ್ಣು ನೆಟ್ಟು ಬಹಳ ಹೊತ್ತು ಕಾದ. ಕೊನೆಗೆ ಪಿಸುದನಿಯಲ್ಲಿ ಕೇಳಿದ:

“ಅಮ್ಮಾ, ನಿದ್ದೆ ಬಂತಾ ಇವಳಿಗೆ?”

“ಆಗಲೇ ಬಂತಲ್ಲೋ. ಜೊಲ್ಲು ಸುರಿದು ನಿನ್ನ ಎದೆಯೆಲ್ಲ ಒದ್ದೆಯಾಗಿದೆ ನೋಡು.”

“ಎಲ್ಲಿ?” ಎಂದ ಅವನು.